ಎತ್ತು ಮುದಿಯಾಯಿತೆಂದು ಗಾಡಿ ಸುಡುವುದೇ?

ತುಮಕೂರಿನ ಮಂಡಿಪೇಟೆಯ ದಿನಸಿ ಅಂಗಡಿಯೊಂದರ ಮುಂದೆ ಪುಟಾಣಿ ಕಾರೊಂದು ನಿಂತಿದೆ. ಎರಡೇ ಬಾಗಿಲು. ಮೈಯೆಲ್ಲಾ ಪ್ಲಾಸ್ಟಿಕ್ಕು, ಹಾಗಾಗಿ ಹೊರಗಡೆ ತುಕ್ಕಿಲ್ಲ, ಬಣ್ಣ ಮಾತ್ರ ಮಾಸಿದೆ. ಮೇಲೆ ಖಾಲಿ ಗೋಣಿಚೀಲಗಳ ಹೊರೆ, ಕೆಳಗೆ ಬೀದಿನಾಯಿಯ ಸಂಸಾರ. ಹೋಗಿ ಬರುವವರು ಕೇಳುವುದು ಒಂದೇ ಮಾತು: "ಏನ್ ಸಾಹುಕಾರ್ರೇ, ಕಾರು ಇನ್ನು ಎದ್ದೇಳೋ ಹಾಗಿಲ್ವಾ?"

ಸಾಹುಕಾರರ ಉತ್ತರವೂ ಒಂದೇ. "ಕಾರು ಚೆನ್ನಾಗೇ ಇದೆ ಕಣಪ್ಪಾ. ಬ್ಯಾಟರಿ ಸತ್ತೋಗಿದೆ ಅಷ್ಟೇ."

ಈ 'ಅಷ್ಟೇ' ಎಂಬ ಮಾತಿನಲ್ಲೇ ಇವತ್ತಿನ ಕಥೆಯೆಲ್ಲಾ ಅಡಗಿದೆ.

ಆ ಕಾರಿನ ಹೆಸರು ರೇವಾ. ಬೆಂಗಳೂರಿನಲ್ಲೇ ಹುಟ್ಟಿ, 2001ರಲ್ಲಿ ರಸ್ತೆಗಿಳಿದ ಕನ್ನಡ ನಾಡಿನ ಎಲೆಕ್ಟ್ರಿಕ್ ಕಾರು. ದೇಶದ ಉಳಿದವರು ಎಲೆಕ್ಟ್ರಿಕ್ ಕಾರು ಎಂದರೆ ಮಕ್ಕಳ ಆಟದ ಸಾಮಾನು ಎಂದುಕೊಂಡಿದ್ದಾಗಲೇ ಇದು ಜಯನಗರ, ಮಲ್ಲೇಶ್ವರಗಳಲ್ಲಿ ಸದ್ದಿಲ್ಲದೆ ಓಡಾಡಿತು. ಲಂಡನ್ನಿಗೂ ಹೋಗಿ ಅಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಸಾಹೇಬರನ್ನೂ ಹೊತ್ತು ತಿರುಗಿತು. ಅಂಥ ಕಾರು ಇವತ್ತು ಮಂಡಿಪೇಟೆಯಲ್ಲಿ ಗೋಣಿಚೀಲ ಹೊರುತ್ತಿದೆ!

ಹೊಟ್ಟೆಯೊಳಗೆ ಎಂಟು ಬ್ಯಾಟರಿ

ಹಳೆಯ ರೇವಾದ ಮುಂದಿನ ಸೀಟಿನಡಿ ಆರು ವೋಲ್ಟಿನ ಎಂಟು ಬ್ಯಾಟರಿಗಳಿವೆ, ಒಟ್ಟು 48 ವೋಲ್ಟು. ನಮ್ಮ ಮನೆಗಳ ಯುಪಿಎಸ್‌ನಲ್ಲಿರುವ ಜಾತಿಯವೇ, ಸೀಸ ಮತ್ತು ಆಸಿಡ್ಡಿನವು. ಎಂಟೂ ಸೇರಿ ತೂಕ ಸುಮಾರು ಕಾಲು ಟನ್ನು, ಒಳಗೆ ಹಿಡಿಸುವ ಕರೆಂಟು ಮಾತ್ರ ಒಂಬತ್ತೂವರೆ ಯೂನಿಟ್ಟಿನ ಆಸುಪಾಸು. ಹೊಸದರಲ್ಲಿ ಒಂದು ಚಾರ್ಜಿಗೆ 80 ಕಿ.ಮೀ. ಎಂದು ತಯಾರಕರು ಹೇಳಿಕೊಂಡಿದ್ದರು. ತುಮಕೂರಿನಿಂದ ಬೆಂಗಳೂರಿಗೆ 70 ಕಿ.ಮೀ. ಲೆಕ್ಕದಲ್ಲಿ ತಲುಪಬೇಕು, ದೇವರ ದಯೆ ಇದ್ದರೆ!

ಆದರೆ ಸೀಸದ ಬ್ಯಾಟರಿಗೆ ಆಯಸ್ಸು ಕಡಿಮೆ. ದಿನಾ ಓಡಿಸಿದರೆ, ಡಿಸ್ಟಿಲ್ಡ್ ವಾಟರ್ ಎಷ್ಟೇ ನಿಗಾ ಇಟ್ಟು ಕುಡಿಸಿದರೂ, ಮೂರು ನಾಲ್ಕು ವರ್ಷಕ್ಕೆ ದಣಿಯುತ್ತದೆ. ಮೊದಲು ಅರ್ಧ ದೂರ, ಆಮೇಲೆ ಕಾಲು ದೂರ. ಕೊನೆಗೆ ಅಂತರಸನಹಳ್ಳಿ ಮಾರುಕಟ್ಟೆಗೆ ಹೋದದ್ದು ವಾಪಸು ಬರುವಾಗ ಏದುಸಿರು ಬಿಡುತ್ತದೆ. ಕ್ಯಾತ್ಸಂದ್ರದ ಮಾತೇ ಬೇಡ.

ಮೋಟಾರು ಸತ್ತಿಲ್ಲ, ಗೇರಿನ ಗೋಳು ಮೊದಲೇ ಇಲ್ಲ, ಬ್ರೇಕು ನೆಟ್ಟಗಿದೆ. ಸತ್ತದ್ದು ಎತ್ತು, ಗಾಡಿಯಲ್ಲ. ಎತ್ತು ಮುದಿಯಾಯಿತೆಂದು ಗಾಡಿಗೆ ಬೆಂಕಿ ಇಡುವ ರೈತನನ್ನು ಯಾರಾದರೂ ಕಂಡಿದ್ದೀರಾ?

ಹೊಸ ಎತ್ತು ಸಿಗುತ್ತದೆ ಸ್ವಾಮಿ!

ಬ್ಯಾಟರಿ ಲೋಕ ಈ ಇಪ್ಪತ್ತು ವರ್ಷದಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿದೆ. ಅಷ್ಟೇ ಕರೆಂಟು ಹಿಡಿಯುವ ಲಿಥಿಯಂ ಪ್ಯಾಕು ನೂರು ಕೆ.ಜಿ. ಆಸುಪಾಸಿನಲ್ಲಿ ಮುಗಿಯುತ್ತದೆ. ನೀರು ಕುಡಿಸುವ ತಾಪತ್ರಯವಿಲ್ಲ. ಬಾಳಿಕೆ ಎರಡು ಮೂರು ಪಟ್ಟು. ಒಂದು ಯೂನಿಟ್ ಹಿಡಿಯುವ ಲಿಥಿಯಂ ಪ್ಯಾಕಿನ ಸರಾಸರಿ ಬೆಲೆ 2010ರಲ್ಲಿ ಜಗತ್ತಿನಲ್ಲಿ ಸಾವಿರ ಡಾಲರಿಗೂ ಮೇಲಿತ್ತು. 2024ರ ಹೊತ್ತಿಗೆ ಅದು 115 ಡಾಲರಿಗೆ ಇಳಿದಿದೆ. ಬೇಳೆ ಬೆಲೆ ಹೀಗೆ ಇಳಿದದ್ದನ್ನು ಮಂಡಿಪೇಟೆ ಯಾವತ್ತಾದರೂ ಕಂಡಿದೆಯೇ?

ಇದು ಆಗದ ಕೆಲಸವೇನಲ್ಲ. 2009ರಲ್ಲಿ ಕಂಪನಿಯವರೇ ಇದೇ ರೇವಾಗೆ ಲಿಥಿಯಂ ಬ್ಯಾಟರಿ ಕೂರಿಸಿ ಮಾರಿದ್ದರು. 120 ಕಿ.ಮೀ. ಓಡುತ್ತದೆ ಎಂದಿದ್ದರು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿಯ ಹದಿನಾರು ಸೆಲ್ ಸಾಲಾಗಿ ಜೋಡಿಸಿದರೆ 51 ವೋಲ್ಟಿನ ಚಿಲ್ಲರೆ ಬರುತ್ತದೆ. ಹಳೆ 48 ವೋಲ್ಟಿನ ಮೋಟಾರಿಗೆ ಇದು ಹೆಚ್ಚೂ ಕಮ್ಮಿ ಹೊಂದುವ ಲೆಕ್ಕವೇ.

ಹೊರದೇಶಗಳಲ್ಲಿ ಇದು ಗ್ಯಾರೇಜಿನ ದಿನನಿತ್ಯದ ಮಾತಾಗಿದೆ. 2010ರಲ್ಲಿ ಬಂದ ನಿಸಾನ್ ಲೀಫ್ ಕಾರಿನಲ್ಲಿ 24 ಯೂನಿಟ್ಟಿನ ಬ್ಯಾಟರಿ ಇತ್ತು. ಆಮೇಲಿನ ಮಾದರಿಗಳಲ್ಲಿ 30, 40 ಯೂನಿಟ್ಟಿನವು ಬಂದವು. ನ್ಯೂಜಿಲೆಂಡಿನಂಥ ಕಡೆ ಅಪಘಾತವಾದ ಹೊಸ ಲೀಫಿನ ಪ್ಯಾಕು ಇಳಿಸಿ ಹಳೆ ಲೀಫಿಗೆ ಏರಿಸುತ್ತಾರೆ. ಕಾರಿನ ಕಂಪ್ಯೂಟರು "ಇದು ನಮ್ಮ ಮನೆಯದಲ್ಲ" ಎಂದು ಹಟ ಮಾಡುತ್ತದಾದ್ದರಿಂದ, ಎರಡಕ್ಕೂ ರಾಜಿ ಮಾಡಿಸಲು ನಡುವೆ ಒಂದು ಪುಟ್ಟ ಸರ್ಕ್ಯೂಟು. ಜಪಾನಿನಲ್ಲಂತೂ 2018ರಿಂದ ತಯಾರಕರ ಕಡೆಯವರೇ ರಿಪೇರಿಯಾದ ಪ್ಯಾಕನ್ನು ಹಳೆ ಲೀಫಿಗೆ ಸುಮಾರು ಮೂರು ಲಕ್ಷ ಯೆನ್‌ಗೆ ಕೊಡಲು ಶುರುಮಾಡಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ

ನಮ್ಮಲ್ಲಿ? ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾಲೀಕ ಬದಲಾವಣೆ ಮಾಡಕೂಡದು ಎನ್ನುತ್ತದೆ. ಕಾನೂನು ಇರಬೇಕಾದ್ದೇ. ಆದರೆ ಪೆಟ್ರೋಲ್ ಕಾರಿಗೆ ಗ್ಯಾಸ್ ಕಿಟ್ ಹಾಕಿಸುವವನಿಗೆ ದಾರಿ ಇದೆ: ಒಪ್ಪಿಗೆ ಪಡೆದ ಕಿಟ್ಟು, ಗೊತ್ತುಮಾಡಿದ ಗ್ಯಾರೇಜು, ಆರ್‌ಸಿಯಲ್ಲಿ ಒಂದು ನಮೂದು, ಮುಗಿಯಿತು. ಪೆಟ್ರೋಲ್ ಕಾರನ್ನೇ ಎಲೆಕ್ಟ್ರಿಕ್ ಮಾಡುವ ಕಿಟ್ಟಿಗೂ ನಿಯಮಾವಳಿ ಇದೆ. ಮೊದಲೇ ಎಲೆಕ್ಟ್ರಿಕ್ ಆಗಿದ್ದ ಕಾರಿಗೆ ಇನ್ನೂ ಒಳ್ಳೆಯ ಬ್ಯಾಟರಿ ಹಾಕಿಸುವವನಿಗೆ ಮಾತ್ರ, ಜನಸಾಮಾನ್ಯನಿಗೆ ತಿಳಿಯುವಂಥ ನೇರ ದಾರಿ ಕಾಣದು. ಇದು ಕೌಂಟರಿನ ಗುಮಾಸ್ತರ ತಪ್ಪಲ್ಲ. ಮೇಲಿನವರು ಫಾರಂ ಮಾಡದಿದ್ದರೆ ಕೆಳಗಿನವರು ಎಲ್ಲಿಂದ ತಂದುಕೊಟ್ಟಾರು?

ತಮಾಷೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹೊಸ ಎಲೆಕ್ಟ್ರಿಕ್ ಕಾರು ಕೊಂಡರೆ ಜಿಎಸ್‌ಟಿ ನೂರಕ್ಕೆ 5. ಅದೇ ಹಳೆ ಕಾರಿಗೆ ಲಿಥಿಯಂ ಪ್ಯಾಕು ಕೊಂಡರೆ ನೂರಕ್ಕೆ 18! ಲಕ್ಷಾಂತರ ಸುರಿಯುವ ಶ್ರೀಮಂತನಿಗೆ ರಿಯಾಯಿತಿ, ಇರುವುದನ್ನೇ ರಿಪೇರಿ ಮಾಡಿಕೊಳ್ಳುವವನಿಗೆ ಬರೆ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಗಾಡಿಗಳ ಆರ್‌ಸಿ ನವೀಕರಣಕ್ಕೆ ಶುಲ್ಕ ಮಾಫಿ ಮಾಡಿತು. ಸಂತೋಷ. ಆದರೆ ಬ್ಯಾಟರಿ ಸತ್ತ ಗಾಡಿ ತಪಾಸಣೆಗೆ ಹೋಗುವುದು ಹೇಗೆ? ನೂಕಿಕೊಂಡೇ?

ಹಿಂಬಾಗಿಲಿನ ಕೆಲಸ

ಮುಂಬಾಗಿಲು ಮುಚ್ಚಿದ ಮೇಲೆ ಹಿಂಬಾಗಿಲು ತೆರೆದುಕೊಳ್ಳುತ್ತದೆ. ಅಪಾಯ ಇರುವುದೇ ಇಲ್ಲಿ. ಗುಜರಿಗೆ ಬಂದ ಸ್ಕೂಟರುಗಳ ಸೆಲ್ಲು ಕಿತ್ತು, ಟೇಪು ಸುತ್ತಿ, "ಗ್ಯಾರಂಟಿ ಅಣ್ಣಾ, ಏನೂ ಆಗಲ್ಲ" ಎಂದು ಕೂರಿಸಿಕೊಡುವ ಕೈಗಳಿಗೆ ಯಾವ ಊರಲ್ಲೂ ಕೊರತೆಯಿಲ್ಲ.

ಲಿಥಿಯಂ ಎಂದರೆ ಸೀಸದ ಹಾಗೆ ಸಾಧುಪ್ರಾಣಿಯಲ್ಲ. ಪ್ರತಿ ಸೆಲ್ಲಿನ ಮೇಲೂ ಕಣ್ಣಿಡುವ, ಹೆಚ್ಚು ತುಂಬಿದರೆ, ಹೆಚ್ಚು ಕಾದರೆ ತಟ್ಟನೆ ಕಡಿತ ಮಾಡುವ ಬಿಎಂಎಸ್ ಎಂಬ ಕಾವಲುಗಾರ ಇರಲೇಬೇಕು. ಸೀಸಕ್ಕೆಂದು ಮಾಡಿದ ಹಳೆ ಚಾರ್ಜರನ್ನೇ ಇಟ್ಟುಕೊಂಡರೆ ಅದು ಸೀಸದ ಲೆಕ್ಕದಲ್ಲೇ ಒತ್ತಿ ಒತ್ತಿ ತುಂಬುತ್ತದೆ. ಹಳೆ ಸೆಲ್ಲಿಗೆ ಹೊಸ ಸೆಲ್ಲು ಬೆರೆಸಿದರೆ ಮುದಿ ಎತ್ತನ್ನೂ ಹೋರಿಯನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ. ಫ್ಯೂಸು ಹಾಕದೆ ವೈರು ಎಳೆದರೆ ಬೆಂಕಿಗೆ ತಾಂಬೂಲ ಕೊಟ್ಟು ಕರೆದಂತೆ. 2022ರ ಬೇಸಿಗೆಯಲ್ಲಿ ದೇಶದ ನಾನಾ ಕಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದದ್ದು ಜನ ಮರೆತಿಲ್ಲ. ಆಮೇಲೆ ಸರ್ಕಾರ ಹೊಸ ಗಾಡಿಗಳ ಬ್ಯಾಟರಿ ಪರೀಕ್ಷೆಯನ್ನು 2022ರ ಡಿಸೆಂಬರಿನಿಂದ ಬಿಗಿ ಮಾಡಿತು. ಹಳೆ ಗಾಡಿಗೆ ಕತ್ತಲಲ್ಲಿ ಕೂರಿಸುವ ಪ್ಯಾಕನ್ನು ಪರೀಕ್ಷೆ ಮಾಡುವವರು ಯಾರು?

ಸಾಹುಕಾರರ ಅಂಗಡಿಯಲ್ಲಿ ಎಣ್ಣೆ ಡಬ್ಬ, ಬೆಂಕಿಪೊಟ್ಟಣ, ಗೋಣಿಚೀಲ. ಮೇಲಿನ ಮಹಡಿಯಲ್ಲಿ ಸಂಸಾರ. ಅಂಗಡಿ ಮುಂದೆ ರಾತ್ರಿಯೆಲ್ಲಾ ಇಂಥ ಪ್ಯಾಕು ಚಾರ್ಜಿಗೆ ನಿಂತರೆ ಗತಿಯೇನು? ಆ ಭಯಕ್ಕೇ ಅವರು ಕಾರನ್ನು ಮಲಗಿಸಿದ್ದಾರೆ. ಬುದ್ಧಿವಂತರು.

ಬಸ್ಸಿಗೆ ಕಾಯುವವರಿಗೇಕೆ ಈ ಚಿಂತೆ?

"ಒಂದು ಹಳೆ ಡಬ್ಬಕ್ಕೆ ಇಷ್ಟು ರಂಪವೇ?" ಎನ್ನಬಹುದು. ಆ ಮಾತಿನಲ್ಲೂ ಸತ್ಯವಿದೆ. ರೇವಾದಲ್ಲಿ ಏರ್‌ಬ್ಯಾಗ್ ಇಲ್ಲ, ಹೆದ್ದಾರಿಯಲ್ಲಿ ಲಾರಿಗಳ ನಡುವೆ ನುಗ್ಗಿಸುವ ಗಾಡಿ ಅದಲ್ಲ. ಊರೊಳಗೆ ಮೂಟೆ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಧಾರಾಳ.

ಆದರೆ ಪ್ರಶ್ನೆ ರೇವಾದ್ದಷ್ಟೇ ಅಲ್ಲ. ಅದರ ತಮ್ಮನಂತೆ 2013ರಲ್ಲಿ ಬಂದ ಇ2ಒ ಕಾರಿನ ತಯಾರಿಕೆ 2019ರಲ್ಲಿ ನಿಂತಿತು. 2020ರ ಜನವರಿಯಲ್ಲಿ ಬಂದ ನೆಕ್ಸಾನ್ ಇವಿಗೆ ಬ್ಯಾಟರಿ ಗ್ಯಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಎಂದರೆ 2028ರಿಂದ ಒಂದೊಂದೇ ಕಾರು ಗ್ಯಾರಂಟಿಯ ನೆರಳಿನಿಂದ ಬಿಸಿಲಿಗೆ ಬರುತ್ತದೆ. ಅದರ ಹಿಂದೆ ಎಲೆಕ್ಟ್ರಿಕ್ ಆಟೋ ಇದೆ, ಸಾಲ ಮಾಡಿ ಕೊಂಡ ಸ್ಕೂಟರಿದೆ. ಬೆಂಗಳೂರಿನಲ್ಲಿ ಬಿಎಂಟಿಸಿಯ ಗುತ್ತಿಗೆ ಎಲೆಕ್ಟ್ರಿಕ್ ಬಸ್ಸುಗಳಿಗೆ 12 ವರ್ಷದ ಕರಾರಿದೆ. ಅಷ್ಟು ದಿನ ಬಸ್ಸು ಓಡಿಸಿಕೊಡುವ ಹೊಣೆ ಕಂಪನಿಯದು. ಆಟೋ ಓಡಿಸುವವನಿಗೆ ಅಂಥ ಕರಾರು ಬರೆದುಕೊಟ್ಟವರು ಯಾರು? ಬ್ಯಾಟರಿ ಸತ್ತ ದಿನ ಅವನ ದುಡಿಮೆಯೂ ನಿಂತಿತು.

ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ಗ್ಯಾಸ್ ಕಿಟ್ಟಿಗಿರುವಂತೆ ಹಳೆ ಎಲೆಕ್ಟ್ರಿಕ್ ಗಾಡಿಗಳಿಗೂ ಪರೀಕ್ಷೆಯಾದ ಪ್ಯಾಕುಗಳ ಪಟ್ಟಿ ಬರಲಿ, ಆರ್‌ಸಿಯಲ್ಲಿ ಸುಲಭವಾಗಿ ನಮೂದಾಗಲಿ. ಮಾದರಿ ನಿಲ್ಲಿಸಿದ ತಯಾರಕರು ಅದರ ಬ್ಯಾಟರಿಯ ಅಳತೆ, ವೈರಿಂಗು, ಕಂಪ್ಯೂಟರಿನ ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಲೈಸೆನ್ಸು ಪಡೆದ ಗ್ಯಾರೇಜುಗಳಿಗೆ ಬಿಟ್ಟುಕೊಡಲಿ. ಬದಲಿ ಬ್ಯಾಟರಿಯ ಮೇಲಿನ 18 ಇಳಿದು 5 ಆಗಲಿ. ಐಟಿಐಗಳಲ್ಲಿ ಹುಡುಗರಿಗೆ ಈ ಕೆಲಸ ಕಲಿಸಲಿ, ಟೇಪು ಸುತ್ತುವ ಕೈಗೇ ಸರಿಯಾದ ವಿದ್ಯೆ ಬಂದರೆ ಊರಿಗೇ ಕ್ಷೇಮ. ಸತ್ತ ಬ್ಯಾಟರಿಯನ್ನು ತಯಾರಕರೇ ವಾಪಸು ಪಡೆದು ವಿಲೇವಾರಿ ಮಾಡಬೇಕೆಂಬ ನಿಯಮ 2022ರಲ್ಲೇ ಬಂದಿದೆ. ಸತ್ತದ್ದನ್ನು ಹೊತ್ತೊಯ್ಯಲು ನಿಯಮ ಮಾಡಿದವರು, ಅದರ ಜಾಗಕ್ಕೆ ಜೀವಂತದ್ದನ್ನು ಕೂರಿಸಲೂ ಒಂದು ನಿಯಮ ಮಾಡಬಾರದೇ?

ವಿಧಾನಸೌಧದಲ್ಲೂ ದಿಲ್ಲಿಯಲ್ಲೂ ಕೂತಿರುವ ಸಂಬಂಧಪಟ್ಟ ಮಹನೀಯರು ಎಲೆಕ್ಟ್ರಿಕ್ ಗಾಡಿ ಕೊಳ್ಳಿರಿ ಎಂದು ದಿನಾ ಕರೆ ಕೊಡುತ್ತಾರೆ. ಕೊಂಡವರ ಗಾಡಿ ಹತ್ತು ವರ್ಷದ ಮೇಲೂ ಓಡುತ್ತಿದ್ದರೆ ಆ ಕರೆಗೆ ಬೆಲೆ. ಅಂಗಡಿ ಮುಂದೆ ಗೋಣಿಚೀಲ ಹೊತ್ತು ನಿಂತಿದ್ದರೆ, ಮಂಡಿಪೇಟೆಗೆ ಬಂದ ಗಿರಾಕಿಯೆಲ್ಲಾ ಅದನ್ನು ನೋಡಿಕೊಂಡೇ ಪೆಟ್ರೋಲ್ ಗಾಡಿ ಬುಕ್ ಮಾಡಲು ಹೋಗುತ್ತಾನೆ.

ಗಾಡಿ ಗಟ್ಟಿಯಾಗಿದೆ. ಸಂತೆಯಲ್ಲಿ ಎತ್ತೂ ಬಂದಿದೆ. ನೊಗ ಕಟ್ಟಲು ಅಪ್ಪಣೆ ಕೊಡುವವರು ಎಚ್ಚರಗೊಳ್ಳುವುದು ಯಾವಾಗ?