ಅಜ್ಜಿಯ ಹೆಸರಲ್ಲಿ ನಮ್ಮ ಆಲಸ್ಯ

ಯುಗಾದಿ ಕಳೆದು ಬಿಸಿಲು ಏರತೊಡಗಿತೆಂದರೆ ಸಾಕು, ನಮ್ಮ ಮೊಬೈಲುಗಳಲ್ಲಿ ಒಂದೇ ಬಗೆಯ ವಿಡಿಯೊಗಳ ಸುಗ್ಗಿ. ಸನ್‌ಸ್ಕ್ರೀನ್ ಮನೆಯಲ್ಲೇ ಮಾಡಿಕೊಳ್ಳಿ, ಕೆಮಿಕಲ್ ಇಲ್ಲ, ಖರ್ಚಿಲ್ಲ, ಅಜ್ಜಿಯ ಕಾಲದ ಗುಟ್ಟು ಎಂಬ ಒಕ್ಕಣೆ. ಒಲೆಯ ಮೇಲೆ ಕುದಿಯುವ ನೀರು, ಅದರೊಳಗೊಂದು ಬಟ್ಟಲು, ಬಟ್ಟಲಲ್ಲಿ ಕರಗುತ್ತಿರುವ ಕೊಬ್ಬರಿ ಎಣ್ಣೆ, ಶಿಯಾ ಬೆಣ್ಣೆ, ಜೇನುಮೇಣ. ಅದಕ್ಕೆ ಎರಡು ಚಮಚ ಜಿಂಕ್ ಆಕ್ಸೈಡ್ ಪುಡಿ, ನಾಲ್ಕು ಹನಿ ಕ್ಯಾರೆಟ್ ಬೀಜದ ಎಣ್ಣೆ. ಕದಡಿ, ತೊಳೆದಿಟ್ಟ ಉಪ್ಪಿನಕಾಯಿ ಬಾಟಲಿಗೆ ಸುರಿದು, ‘ಎಸ್‌ಪಿಎಫ್ 30’ ಎಂದು ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು. ಆ 30 ಎಲ್ಲಿಂದ ಬಂತು, ಅಳೆದವರು ಯಾರು ಎಂದು ನಾವು ಕೇಳುವುದಿಲ್ಲ. ಮಾರುಕಟ್ಟೆಯಲ್ಲಿ ಒಂದು ಕೆ.ಜಿ. ಬೆಂಡೆಕಾಯಿಗೆ ತಕ್ಕಡಿಯ ಮುಳ್ಳನ್ನೇ ದಿಟ್ಟಿಸುವ ನಾವು ಮಗುವಿನ ಮುಖಕ್ಕೆ ಹಚ್ಚುವ ಪದಾರ್ಥದ ವಿಷಯದಲ್ಲಿ ಕಣ್ಣುಮುಚ್ಚಿ ನಂಬುತ್ತೇವೆ. ಕೇಳಿದರೆ ನೆಮ್ಮದಿ ಕೆಡುತ್ತದೆಂಬುದು ನಮಗೆ ಒಳಗೊಳಗೇ ಗೊತ್ತು.

ಎಸ್‌ಪಿಎಫ್ ಎಂಬುದು ಬಾಯಿಗೆ ಬಂದಂತೆ ಹೇಳುವ ಅಂಕಿಯಲ್ಲ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಫ್ರಾಂಜ್ ಗ್ರೈಟರ್ ಬಳಕೆಗೆ ತಂದ ಈ ಅಳತೆಗೆ ಒಂದು ಕಟ್ಟುನಿಟ್ಟಿನ ಕ್ರಮವಿದೆ. ಸ್ವಯಂಸೇವಕರ ಬೆನ್ನಿನ ಮೇಲೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಲೇಪ ಹಚ್ಚಿ, ಸೂರ್ಯನ ಬೆಳಕನ್ನು ಹೋಲುವ ದೀಪ ಹಾಯಿಸುತ್ತಾರೆ. ಲೇಪವಿಲ್ಲದ ಚರ್ಮ ಎಷ್ಟು ಕಿರಣಕ್ಕೆ ಕೆಂಪಾಯಿತು, ಲೇಪವಿದ್ದದ್ದು ಎಷ್ಟಕ್ಕೆ ಕೆಂಪಾಯಿತು ಎಂದು ತಾಳೆ ನೋಡಿದಾಗ ಸಿಗುವ ಅನುಪಾತವೇ ಆ ಸಂಖ್ಯೆ. ಕೊಬ್ಬರಿ ಎಣ್ಣೆಗೆ ಏಳೆಂಟು ಎಸ್‌ಪಿಎಫ್ ಇದೆಯೆಂದು ಎಲ್ಲರೂ ಉರು ಹೊಡೆದದ್ದು ಪ್ರಯೋಗಾಲಯದ ಉಪಕರಣದಲ್ಲಿ ಅಳೆದ ಅಂಕಿ. ಬೆವರುವ, ಉಜ್ಜಿಕೊಳ್ಳುವ ಚರ್ಮದ ಮೇಲೆ ಅಳೆದದ್ದಲ್ಲ. ಅದನ್ನೇ ನಿಜವೆಂದು ಇಟ್ಟುಕೊಂಡರೂ ವೈದ್ಯರು ಕನಿಷ್ಠವೆಂದು ಹೇಳುವ 30ಕ್ಕೆ ಅದು ಎಲ್ಲಿಯ ಸಮ? 2019ರಲ್ಲಿ ಅಮೆರಿಕದ ಸಂಶೋಧಕರು ಪಿಂಟರೆಸ್ಟ್ ಎಂಬ ಜಾಲತಾಣದಲ್ಲಿ ಹರಿದಾಡುತ್ತಿದ್ದ ಮನೆಮದ್ದಿನ ಸನ್‌ಸ್ಕ್ರೀನುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅವುಗಳಲ್ಲಿ ಶೇ. 68ರಷ್ಟು ಸಾಕಷ್ಟು ರಕ್ಷಣೆ ಕೊಡಲಾರದಂಥವು. ಆದರೆ ಶೇ. 95ರಷ್ಟು ಪೋಸ್ಟುಗಳು ಅವನ್ನು ಪರಿಣಾಮಕಾರಿ ಎಂದೇ ಹೊಗಳಿದ್ದವು. ಅಂದರೆ ಹೊಗಳಿಕೆಗೆ ಬರವಿರಲಿಲ್ಲ, ರಕ್ಷಣೆಗಿತ್ತು.

ಜಿಂಕ್ ಆಕ್ಸೈಡ್ ಹಾಕಿದ್ದೇವಲ್ಲ, ಅಂಗಡಿಯ ಟ್ಯೂಬಿನಲ್ಲೂ ಅದೇ ತಾನೇ ಇರುವುದು ಎಂಬ ವಾದ ಬರುತ್ತದೆ. ಇರುವುದು ಅದೇ, ನಿಜ. ಆದರೆ ಆ ಪುಡಿಯ ಕಣಗಳಿಗೆ ಒಂದಕ್ಕೊಂದು ಅಂಟಿ ಗಂಟಾಗುವ ಸ್ವಭಾವ. ಅವನ್ನು ಬಿಡಿಬಿಡಿಯಾಗಿಸಿ ಎಣ್ಣೆಯಲ್ಲಿ ಸಮನಾಗಿ ಹರಡಲು ಕಾರ್ಖಾನೆಯ ಯಂತ್ರಗಳೂ ಅದಕ್ಕೆಂದೇ ಇರುವ ಪೂರಕ ದ್ರವ್ಯಗಳೂ ಬೇಕು. ಅಡುಗೆಮನೆಯ ಸೌಟಿಗೆ ಅದು ಸಾಧ್ಯವಿಲ್ಲ. ಮನೆಯ ಮಿಶ್ರಣವನ್ನು ಮುಂಗೈಗೆ ಸವರಿ ಬೆಳಕಿಗೆ ಹಿಡಿದರೆ ಸಾಕು: ಅಲ್ಲೊಂದು ಬಿಳಿ ಚುಕ್ಕೆ, ಇಲ್ಲೊಂದು ಬಿಳಿ ಗೆರೆ, ನಡುವೆ ಬರೀ ಎಣ್ಣೆ ಮಿರುಗುವ ಬತ್ತಲೆ ಚರ್ಮ. ಆ ಸಂದುಗಳಿಗೆ ರಕ್ಷಣೆಯಿಲ್ಲ. ಕದಡುವಾಗ ಹಾರುವ ಪುಡಿ ಮೂಗಿಗೆ ಹೋಗುತ್ತದೆ. ತಂಪಿಗೆಂದು ಹಿತ್ತಲ ಲೋಳೆಸರ ಬೆರೆಸಿದರೆ ನೀರಿನಂಶ ಸೇರಿ, ಕೆಡದಂತೆ ತಡೆಯುವ ದ್ರವ್ಯವೂ ಇಲ್ಲದೆ, ಕೆಲವೇ ದಿನಗಳಲ್ಲಿ ಬೂಸ್ಟಿಗೂ ಬ್ಯಾಕ್ಟೀರಿಯಕ್ಕೂ ಮನೆ ಸಿದ್ಧ. ಇದಕ್ಕಿಂತ ಘೋರವಾದದ್ದು ನಿಂಬೆಹಣ್ಣಿನ ಹುಚ್ಚು. ನಿಂಬೆಯ ರಸದಲ್ಲೂ ಸಿಪ್ಪೆಯ ಎಣ್ಣೆಯಲ್ಲೂ ಇರುವ ಫ್ಯೂರೊಕೌಮರಿನ್ ಎಂಬ ಅಂಶ ಬಿಸಿಲಿನ ನೇರಳಾತೀತ ಕಿರಣದೊಡನೆ ಸೇರಿ ಚರ್ಮವನ್ನು ಸುಡುತ್ತದೆ. ಬೊಬ್ಬೆ ಎದ್ದು, ಮಾಗಿದ ಮೇಲೂ ಕಪ್ಪು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಟ್ಯಾನ್ ಹೋಗಲೆಂದು ಬೆಳಿಗ್ಗೆ ಮಗಳ ಕೆನ್ನೆಗೆ ನಿಂಬೆ ಹೋಳು ಉಜ್ಜಿ, ಆ ಮುಖದಲ್ಲೇ ಅವಳನ್ನು ಬಿಸಿಲಿಗೆ ಕಳಿಸುವ ತಾಯಂದಿರು ನಮ್ಮ ನಡುವೆ ಎಷ್ಟು ಜನರಿಲ್ಲ! ಕಲೆ ಬಿದ್ದರೆ ಮತ್ತಷ್ಟು ನಿಂಬೆ.

ಇಷ್ಟೆಲ್ಲ ಮಾಡಿ ಹೆಸರು ಹೇಳುವುದು ಮಾತ್ರ ಅಜ್ಜಿಯದು. ಅಜ್ಜಿ ಏನು ಮಾಡುತ್ತಿದ್ದಳೆಂದು ನೆನಪಿಸಿಕೊಳ್ಳುವಷ್ಟು ಪ್ರಾಮಾಣಿಕತೆಯೂ ನಮ್ಮಲ್ಲಿ ಉಳಿದಿಲ್ಲ. ಅರಿಶಿನ, ಕಡಲೆಹಿಟ್ಟು ಅವಳಿಗೆ ಬಚ್ಚಲುಮನೆಯ ಪದಾರ್ಥಗಳು. ಹಚ್ಚಿ, ಉಜ್ಜಿ, ತೊಳೆದುಕೊಂಡೇ ಹೊರಗೆ ಬರುತ್ತಿದ್ದಳು. ಗಂಧ ತೇಯ್ದದ್ದು ತಂಪಿಗೆ, ಬೆವರುಸಾಲೆಗೆ. ಬಿಸಿಲಿಗೆ ಅವಳಲ್ಲಿದ್ದ ಮದ್ದು ಬೇರೆಯೇ. ತಲೆ ತುಂಬ ಸೆರಗು, ಮೈತುಂಬ ಹತ್ತಿಬಟ್ಟೆ. ಹೊಲದ ಕೆಲಸಕ್ಕೆ ನಸುಕು, ಮಟಮಟ ಮಧ್ಯಾಹ್ನಕ್ಕೆ ಮನೆ ಇಲ್ಲವೇ ಮರ. ಗಂಡಸರು ನಸುಕಿಗೇ ನೇಗಿಲು ಹೂಡಿ ಹೊತ್ತೇರುವಷ್ಟರಲ್ಲಿ ಎತ್ತು ಬಿಡುತ್ತಿದ್ದರು. ಬಯಲುಸೀಮೆಯಲ್ಲಿ ತಲೆಗೆ ರುಮಾಲು, ಕರಾವಳಿಯಲ್ಲಿ ಅಡಕೆ ಹಾಳೆಯ ಟೊಪ್ಪಿ, ಬೇಸಿಗೆ ಬಂತೆಂದರೆ ಮನೆ ಮುಂದೆ ತೆಂಗಿನ ಗರಿಯ ಚಪ್ಪರ, ಊರ ನಡುವೆ ಅರಳಿಕಟ್ಟೆ. ಆ ತಲೆಮಾರು ನೆರಳನ್ನು ನೆಟ್ಟಿತು, ಹೊದ್ದುಕೊಂಡಿತು, ದಿನಚರಿಯನ್ನೇ ಅದಕ್ಕೆ ಹೊಂದಿಸಿಕೊಂಡಿತು. ಇಂದಿಗೂ ಚರ್ಮದ ವೈದ್ಯರು ಮೊದಲು ಹೇಳುವುದು ಅದನ್ನೇ: ಹತ್ತರಿಂದ ನಾಲ್ಕರವರೆಗೆ ನೆರಳು ಹುಡುಕಿ, ಮೈ ಮುಚ್ಚಿ, ಕೊಡೆ ಹಿಡಿಯಿರಿ, ಲೇಪ ಆಮೇಲೆ. ಅಜ್ಜಿಯ ನಿಜವಾದ ವಿದ್ಯೆಯನ್ನು ಹಳ್ಳಿಗಮಾರರದೆಂದು ಬಿಸಾಡಿದ ನಾವು ಅವಳು ಎಂದೂ ಮಾಡದ ಮುಲಾಮಿಗೆ ಅವಳ ಹೆಸರು ಹಚ್ಚಿ ಮಾರುತ್ತಿದ್ದೇವೆ.

ಬಿಸಾಡಿದ್ದು ಎಷ್ಟೆಂದು ಸುತ್ತ ನೋಡಿದರೆ ಸಾಕು. ರಸ್ತೆ ಅಗಲವಾಗಲಿ ಎಂದು ಸಾಲುಮರ ಕಡಿಸಿದೆವು. ಅಂಗಳಕ್ಕೆ ಟೈಲ್ಸ್ ಹಾಸಿದೆವು. ಗಂಡುಮಕ್ಕಳು ಕೊಡೆ ಹಿಡಿದರೆ ನಗುವ, ಮಗು ಟೋಪಿ ಹಾಕಿದರೆ ಯೂನಿಫಾರ್ಮ್ ಕೆಟ್ಟಿತೆಂದು ಗದರುವ ಶಾಲೆಗಳಿಗೆ ಸಾಲುಗಟ್ಟಿ ಫೀ ಕಟ್ಟಿದೆವು. ವಾರ್ಷಿಕ ಕ್ರೀಡಾಕೂಟಕ್ಕೆ ಹೋಗಿ ನೋಡಿ. ಶಾಮಿಯಾನ ಅತಿಥಿಗಳ ಕುರ್ಚಿಗೆ, ಸುಡುವ ಮೈದಾನ ಮಕ್ಕಳಿಗೆ. ಅತಿಥಿ ಬರುವುದು ತಡವಾದಷ್ಟೂ ಸಾಲಿನಲ್ಲಿ ನಿಂತ ಎಳೆಯ ಕುತ್ತಿಗೆಗಳು ಕಾಯುತ್ತವೆ. ಶಾಮಿಯಾನದ ಅಂಚಿನಲ್ಲಿ ಕುಳಿತ ಅಪ್ಪ ಅಮ್ಮಂದಿರು ನಾವು ಎದ್ದುಹೋಗಿ ಒಂದು ಮಾತು ಕೇಳುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇವೆ. ಮನೆಗೆ ಬಂದ ಮೇಲೆ ಮಗು ಕಪ್ಪಾಯಿತಲ್ಲ ಎಂದು ಹಲುಬಿ, ಮೊಸರು ಕಡಲೆಹಿಟ್ಟಿನ ಪ್ಯಾಕ್ ಕಲಸುತ್ತೇವೆ. ಮಾಳಿಗೆಯ ಮೇಲೆ ಹರವಿದ ಸಂಡಿಗೆಗೆ ಕಾಗೆ ಮುಟ್ಟದಿರಲೆಂದು ತೆಳುಬಟ್ಟೆ ಹೊದಿಸುವ ಎಚ್ಚರ ಮಕ್ಕಳ ತಲೆಯ ವಿಷಯದಲ್ಲಿ ಎಲ್ಲಿ ಹೋಗುತ್ತದೆ?

ಟ್ಯೂಬು ಕೊಂಡು ತರುವವರು ಇದನ್ನೋದಿ ಸಮಾಧಾನಪಟ್ಟುಕೊಳ್ಳಬೇಕಿಲ್ಲ. ಚೀಟಿಯ ಮೇಲಿನ 50 ಸಿಗಬೇಕಾದರೆ ಪರೀಕ್ಷೆಯಲ್ಲಿ ಹಚ್ಚಿದಷ್ಟೇ ದಪ್ಪಗೆ ಹಚ್ಚಬೇಕು. ಮುಖ ಮತ್ತು ಕುತ್ತಿಗೆಗೇ ಸುಮಾರು ಅರ್ಧ ಟೀಚಮಚ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹಾಗೆ ದಿನಕ್ಕೆರಡು ಬಾರಿ ಹಚ್ಚಿದರೂ 50 ಗ್ರಾಮಿನ ಟ್ಯೂಬು ಒಬ್ಬರಿಗೇ ಮೂರು ವಾರ ಬಾಳುವುದಿಲ್ಲ. ನಮ್ಮ ಮನೆಗಳಲ್ಲಿ ಅದೇ ಟ್ಯೂಬು ಯುಗಾದಿಗೆ ಬಂದದ್ದು ದೀಪಾವಳಿಗೂ ಉಳಿದಿರುತ್ತದೆ! ಅವರೆಕಾಳಷ್ಟು ಹಿಂಡಿ, ಪೌಡರಿನಂತೆ ತೇಲಿಸಿ, 50 ಹಚ್ಚಿದೆವೆಂದು ಬೀಗುವ ನಾವು ಅದರ ಕಾಲುಭಾಗದ ರಕ್ಷಣೆಯನ್ನೂ ಪಡೆಯುತ್ತಿಲ್ಲ. ಎಸ್‌ಪಿಎಫ್ ಮುಖ್ಯವಾಗಿ ಸುಡುವ ಯುವಿಬಿ ಕಿರಣದ ಲೆಕ್ಕ; ಒಳಗಿಳಿದು ಕಲೆ, ಸುಕ್ಕು ತರುವ ಯುವಿಎ ಕಿರಣಕ್ಕೆ ‘ಪಿಎ’ ಎಂದು ಬರೆದು ಪ್ಲಸ್ ಗುರುತು ಹಾಕಿರುತ್ತಾರೆ ಎಂಬುದನ್ನು ಓದುವ ತಾಳ್ಮೆಯೂ ನಮಗಿಲ್ಲ. ನಾವು ಓದುವುದು ‘ಬ್ರೈಟನಿಂಗ್’ ಎಂಬ ಒಂದೇ ಮಾತನ್ನು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಂಪನಿ ಹೆಸರು ಬದಲಿಸಿತು, ನಾವು ಹಂಬಲ ಬದಲಿಸಲಿಲ್ಲ. ಬೆಳ್ಳಗಾಗುವ ಆಸೆಗೆ ಸ್ಟೆರಾಯ್ಡ್ ಬೆರೆತ ಕ್ರೀಮುಗಳನ್ನು ಮೆಡಿಕಲ್ ಸ್ಟೋರಿನಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಮುಖಕ್ಕೆ ತಿಕ್ಕಿದ್ದೂ ನಾವೇ. ಸರಕಾರ 2018ರಲ್ಲಿ 14 ಬಗೆಯ ಸ್ಟೆರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಸೇರಿಸಬೇಕಾಗಿ ಬಂತು. ತೆಳುವಾಗಿ ಕೆಂಪೇರಿದ ಆ ಚರ್ಮಕ್ಕೆ ಬಿಸಿಲು ಇನ್ನಷ್ಟು ಶತ್ರು.

ನಮ್ಮದು ಕಪ್ಪು ಚರ್ಮ, ಕ್ಯಾನ್ಸರ್ ಬಿಳಿಯರ ಕಾಯಿಲೆ ಎನ್ನುವುದು ಮತ್ತೊಂದು ಆಸರೆ. ಮೆಲನಿನ್ ನಮ್ಮನ್ನು ಕಾಯುತ್ತದೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ವಿರಳ ಎಂಬುದು ಸತ್ಯ. ಆದರೆ ಬಂಗು? ಬಸುರಿ ಬಾಣಂತಿಯರ ಕೆನ್ನೆ ಹಣೆಗಳ ಮೇಲೆ ಕವಿದು ವರ್ಷಗಟ್ಟಲೆ ಹೋಗದ ಆ ಕಪ್ಪು ಕಲೆ ಬಿಸಿಲಿಗೆ ಉಲ್ಬಣಿಸುತ್ತದೆ. ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ನಮ್ಮ ಮೈಬಣ್ಣದವರಲ್ಲಿ ಬಂಗನ್ನು ಕೆದಕುತ್ತದೆ. ಅದಕ್ಕೆಂದೇ ವೈದ್ಯರು ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಬರೆದುಕೊಡುತ್ತಾರೆ. ಕಣ್ಣಿನ ಪೊರೆ ಬೇಗ ಬೆಳೆಯಲು ಬಿಸಿಲೂ ಒಂದು ಕಾರಣ. ಇನ್ನು ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಇಲ್ಲವೇ ತೀರಾ ಕಡಿಮೆಯಿರುವ ಆಲ್ಬಿನಿಸಂ ಇರುವವರಿದ್ದಾರೆ, ಬಿಸಿಲಿಗೆ ಉಲ್ಬಣಿಸುವ ಲೂಪಸ್ ಕಾಯಿಲೆಯ ರೋಗಿಗಳಿದ್ದಾರೆ. ಅವರಿಗೆ ಪರೀಕ್ಷಿಸಿದ ಸನ್‌ಸ್ಕ್ರೀನ್ ಔಷಧಿಗೆ ಸಮ. ಅಂಥವರ ಮುಂದೆ ನಿಂತು, ಅದೆಲ್ಲ ಕೆಮಿಕಲ್, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದು ಉಪದೇಶಿಸುವುದು ಅವಿವೇಕವಷ್ಟೇ ಅಲ್ಲ, ಅಪರಾಧ.

ಕೆಮಿಕಲ್ಲಿನ ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. ಕೆಲವು ಸನ್‌ಸ್ಕ್ರೀನ್ ದ್ರವ್ಯಗಳು ರಕ್ತಕ್ಕೆ ಸೇರುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019 ಮತ್ತು 2020ರ ಅಧ್ಯಯನಗಳಲ್ಲಿ ತೋರಿಸಿತು. ಹೆಚ್ಚಿನ ಮಾಹಿತಿ ಕೊಡಿರೆಂದು ತಯಾರಕರನ್ನು ಕೇಳಿತು. ಜನರಿಗೆ ಮಾತ್ರ ಬಳಕೆ ನಿಲ್ಲಿಸಬೇಡಿ ಎಂದಿತು. ಹವಳದ ದಿಬ್ಬಗಳ ರಕ್ಷಣೆಗೆಂದು ಹವಾಯಿ 2021ರಿಂದ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಎಂಬ ದ್ರವ್ಯಗಳಿರುವ ಸನ್‌ಸ್ಕ್ರೀನುಗಳ ಮಾರಾಟ ನಿಷೇಧಿಸಿತು. ಇದನ್ನೆಲ್ಲ ಓದಿ ಹೆದರಿದವರಿಗೆ ದಾರಿ ಮುಚ್ಚಿಲ್ಲ: ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಮಾತ್ರ ಇರುವ, ಪರೀಕ್ಷೆಗೊಳಪಟ್ಟ ಟ್ಯೂಬುಗಳು ಅಂಗಡಿಯಲ್ಲೇ ಸಿಗುತ್ತವೆ. ಆದರೆ ನಮ್ಮ ಭಯ ಅಷ್ಟು ಪ್ರಾಮಾಣಿಕವಾದದ್ದೇ? ತಲೆಗೆ ಬಣ್ಣ ಬಳಿಯುವಾಗ, ಮೂಲೆಮೂಲೆಗೆ ಜಿರಲೆ ಸ್ಪ್ರೇ ಹೊಡೆಯುವಾಗ ಬಾರದ ಭಯ ಇಲ್ಲಿ ಮಾತ್ರ ಬರುವುದೇಕೆ? ಮನೆಯಲ್ಲಿ ಕದಡುವ ಜಿಂಕ್ ಆಕ್ಸೈಡೂ ಕಾರ್ಖಾನೆಯಿಂದ ಬಂದದ್ದೇ ಎಂಬುದು ಆಗ ಮರೆತುಹೋಗುವುದೇಕೆ?

ನಮ್ಮ ಮುಖದ ಚರ್ಚೆಯೇ ಇಷ್ಟು ದೊಡ್ಡದಾದಾಗ ನಿಜಕ್ಕೂ ಬಿಸಿಲಲ್ಲಿ ಬೇಯುವವರು ಲೆಕ್ಕಕ್ಕೇ ಬರುವುದಿಲ್ಲ. ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಬೇಸಿಗೆ ಬಂತೆಂದರೆ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಒಳ್ಳೆಯ ಕ್ರಮ. ಆದರೆ ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕ ಆ ಕರುಣೆ ನಾವು ಕೂಲಿಗೆ ಕರೆದವರಿಗೆ ನಮ್ಮಿಂದ ಸಿಕ್ಕಿದೆಯೇ? ಹೊಸ ಮನೆಯ ಮೋಲ್ಡ್ ಹಾಕಿಸುವಾಗ ನಡುಮಧ್ಯಾಹ್ನ ಬಾಂಡಲಿ ಹೊರುವ ಹೆಂಗಸರಿಗೆ, ಬೇಗ ಮುಗಿಸ್ರಮ್ಮ ಎಂದು ಕಾರಿನೊಳಗಿಂದಲೇ ಕೂಗುವವರು ನಾವು. ರಸ್ತೆಗೆ ಡಾಂಬರು ಹಾಕುವವರು, ಕಸ ಗುಡಿಸುವ ಪೌರಕಾರ್ಮಿಕರು, ಹತ್ತು ನಿಮಿಷಕ್ಕೆ ತಿಂಡಿ ತಲುಪಿಸುವ ಹುಡುಗರು, ಇವರಿಗೆ ಬೇಕಾದದ್ದು ಮರ, ಟೋಪಿ, ನೀರು, ಮಧ್ಯಾಹ್ನದ ಬಿಡುವು. ಯಾವುದೂ ವಿಡಿಯೊ ನೋಡಿ ಕಲಿಯಬೇಕಾದ ವಿದ್ಯೆಯಲ್ಲ. ಕೊಡಲು ನಮಗೆ ಮನಸ್ಸಿಲ್ಲ, ಅಷ್ಟೇ. ನೆರಳು ಹಂಚಿಕೊಳ್ಳಬೇಕಾದ ಆಸ್ತಿ. ಲೇಪ ಒಬ್ಬೊಬ್ಬರ ಬಾಟಲಿಯಲ್ಲಿ ಬಚ್ಚಿಡಬಹುದಾದ ಸುಖ. ನಾವು ಆರಿಸಿಕೊಂಡದ್ದು ಎರಡನೆಯದನ್ನು.

ಇದರಲ್ಲಿ ಯಾವುದೂ ನಮಗೆ ತಿಳಿಯದ ಸಂಗತಿಯಲ್ಲ. ಕೊಡೆ ಬೇಕೆಂದು ಗೊತ್ತು; ಕೈ ನೋಯುತ್ತದೆ. ಶಾಲೆಯ ಮುಖ್ಯಸ್ಥರನ್ನು ಕೇಳಬೇಕೆಂದು ಗೊತ್ತು, ಮುಖ ಕೆಡುತ್ತದೆ. ಮರ ನೆಡಬೇಕೆಂದು ಗೊತ್ತು. ಎಲೆ ಬಿದ್ದರೆ ಗುಡಿಸಬೇಕಾಗುತ್ತದೆ. ಆದ್ದರಿಂದಲೇ ಒಲೆ ಹಚ್ಚಿ ಮುಲಾಮು ಕಾಸುತ್ತೇವೆ. ಆ ಬಾಟಲಿಯನ್ನು ಚೆಲ್ಲಿ. ಬಾಣಲೆಯಲ್ಲಿ ಸನ್‌ಸ್ಕ್ರೀನ್ ಹುಟ್ಟುವುದಿಲ್ಲ. ಬೇಕಾದವರು ಪರೀಕ್ಷಿಸಿದ್ದನ್ನು ಕೊಂಡು, ಜಿಪುಣತನ ಮಾಡದೆ ಹಚ್ಚಲಿ. ಅದಕ್ಕೂ ಮೊದಲು ಮಗುವಿನ ತಲೆಗೆ ಟೋಪಿ ಇಡಿ, ಕ್ರೀಡಾಕೂಟ ಬೆಳಿಗ್ಗೆ ಎಂಟರೊಳಗೆ ಶುರುವಾಗಬೇಕೆಂದು ಪಟ್ಟು ಹಿಡಿಯಿರಿ, ಮನೆ ಕಟ್ಟುವವರಿಗೆ ಹನ್ನೆರಡರಿಂದ ಮೂರರವರೆಗೆ ಕೂಲಿ ಹಿಡಿಯದೆ ಬಿಡುವು ಕೊಡಿ. ಇಷ್ಟೂ ಆಗದಿದ್ದರೆ ಮುಂದಿನ ಬೇಸಿಗೆಯಲ್ಲಿ ಬಿಸಿಲನ್ನು ಬೈಯುವ ಹಕ್ಕು ನಮಗಿಲ್ಲ. ಅಜ್ಜಿಯ ಹೆಸರು ಹೇಳುವ ಹಕ್ಕಂತೂ ಮೊದಲೇ ಇಲ್ಲ.