ಮೊದಲ ಹೊಲಿಗೆ ಯಾರ ಮೈಮೇಲೆ?



ನಮ್ಮ ಊರಿನ ಮಕ್ಕಳಿಗೆ ಎಂಬಿಬಿಎಸ್ ಸೀಟು ಸಿಕ್ಕಿದರೆ ನಾವೆಲ್ಲ ಸಂತೋಷಪಡುತ್ತೇವೆ. ರ‍್ಯಾಂಕ್ ಎಷ್ಟು, ಫೀಸು ಎಷ್ಟು ಎಂದು ಕೇಳುತ್ತೇವೆ. ಆದರೆ ಗಾಯಕ್ಕೆ ಹೊಲಿಗೆ ಹಾಕುವುದನ್ನು ಆ ಕಾಲೇಜಿನಲ್ಲಿ ಹೇಗೆ ಕಲಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಶಸ್ತ್ರಚಿಕಿತ್ಸೆ ಕಲಿಸುವವರಲ್ಲಿ ಹಳೆಯ ಮಾತೊಂದಿದೆ: ಒಂದು ನೋಡು, ಒಂದು ಮಾಡು, ಒಂದು ಕಲಿಸು. ಕೇಳಲು ಚೆಂದ. ಆದರೆ ಆ ‘ಒಂದು ಮಾಡು’ ನಡೆಯುವುದು ಯಾರ ಮೈಮೇಲೆ? ಹೆಚ್ಚಾಗಿ ಜನರಲ್ ವಾರ್ಡಿನ ಬಡವರ ಮೈಮೇಲೆ.

ಕೈಕೆಲಸ ಪುಸ್ತಕ ಓದಿ ಬರುವುದಿಲ್ಲ. ಸೂಜಿ ಚರ್ಮಕ್ಕೆ ನೇರವಾಗಿ, 90 ಡಿಗ್ರಿಯಲ್ಲಿ ಇಳಿಯಬೇಕು. ಗಂಟಿನ ಎರಡನೇ ಸುತ್ತು ಮೊದಲನೆಯದಕ್ಕೆ ವಿರುದ್ಧ ದಿಕ್ಕಿನಲ್ಲಿರಬೇಕು; ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಗಂಟು ಜಾರುತ್ತದೆ. ಹೊಲಿಗೆ ಅತಿ ಬಿಗಿಯಾದರೆ ಗಾಯದ ಅಂಚಿಗೆ ರಕ್ತ ಹೋಗುವುದಿಲ್ಲ, ಸಡಿಲವಾದರೆ ಗಾಯ ಬಾಯಿ ಬಿಡುತ್ತದೆ. ಇದು ಬೆರಳಿಗೆ ಒಗ್ಗಬೇಕಾದರೆ ಮತ್ತೆ ಮತ್ತೆ ಮಾಡಬೇಕು. ಪಕ್ಕದಲ್ಲಿ ನಿಂತು ತಿದ್ದುವವರೂ ಬೇಕು.

ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬಾಳೆಹಣ್ಣಿನ ಸಿಪ್ಪೆ, ಸ್ಪಂಜು, ಹಂದಿಯ ಕಾಲು ಸಾಕು. ಗಂಟು ಹಾಕಿ ಕಲಿಯಲು ಕುರ್ಚಿಗೆ ಕಟ್ಟಿದ ದಾರವೇ ಸಾಕು. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವೂ ಸ್ಕಿಲ್ ಲ್ಯಾಬ್ ಇರಬೇಕು ಎನ್ನುತ್ತದೆ. ಆದರೆ ಅದರ ಬಾಗಿಲು ದಿನವೂ ತೆರೆಯಬೇಕು, ಅಧ್ಯಾಪಕರು ಸಮಯ ಕೊಡಬೇಕು. ಇಲ್ಲವಾದರೆ ಅದು ಇನ್‌ಸ್ಪೆಕ್ಷನ್ ದಿನಕ್ಕೆ ಗುಡಿಸಿಡುವ ಕೋಣೆ ಅಷ್ಟೇ.

‘ಸ್ಪಂಜಿಗೆ ನೋವಿಲ್ಲ, ರಕ್ತವಿಲ್ಲ, ಕೊನೆಗೆ ಕಲಿಯುವುದು ರೋಗಿಯಿಂದಲೇ’ ಎನ್ನುವವರಿದ್ದಾರೆ. ನಿಜ, ಯಾರಾದರೊಬ್ಬರು ಮೊದಲ ರೋಗಿಯಾಗಲೇಬೇಕು. ಆದರೆ ವಿದ್ಯಾರ್ಥಿ ಸೂಜಿ ಹಿಡಿಯುವುದೇ ಅಂದು ಮೊದಲ ಸಲ ಆಗಬಾರದು. ರೋಗಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು, ಹಿರಿಯ ಡಾಕ್ಟರು ಪಕ್ಕದಲ್ಲಿರಬೇಕು.

ಕಾಸರಗೋಡಿನವರಾದ ನಮಗೆ ಇದು ದೂರದ ವಿಷಯವಲ್ಲ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳ ಪಾಡು ಏನಾಯಿತೆಂದು ಎಲ್ಲರಿಗೂ ಗೊತ್ತು. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಅದಕ್ಕಾಗಿ ನಾವು ವರ್ಷಗಟ್ಟಲೆ ಕಾದಿದ್ದೇವೆ. ಇನ್ನು ಸೀಟುಗಳನ್ನು ಮಾತ್ರ ಲೆಕ್ಕ ಹಾಕಿದರೆ ಸಾಲದು, ಸ್ಕಿಲ್ ಲ್ಯಾಬ್ ಬಗ್ಗೆಯೂ ಕೇಳೋಣ. ಅಲ್ಲಿನ ವಾರ್ಡಿನಲ್ಲಿ ಮಲಗುವವರು ನಮ್ಮ ಅಜ್ಜ ಅಜ್ಜಿಯಂದಿರೇ.

ಮೆಡಿಕಲ್ ಓದುತ್ತಿರುವ ನಮ್ಮ ತಮ್ಮ ತಂಗಿಯರಿಗೂ ಒಂದು ಮಾತು: ರಜೆಗೆ ಬಂದಾಗ ದಿನಕ್ಕೆ ಹತ್ತು ಗಂಟು ಹಾಕಿ. ಬಾಳೆಹಣ್ಣು ನಾವು ತಂದುಕೊಡುತ್ತೇವೆ.