ಬಿದ್ದ ಮಳೆ, ಉಳಿದ ಹಸಿ



ಕಳೆದ ವಾರ ತಮ್ಮನ ಮಗ ಊರಿನಿಂದ ದೂರವಾಣಿ ಮಾಡಿದ್ದ. ವಿಜಯಪುರ ಸೀಮೆಯ ನಮ್ಮ ಎರೆಹೊಲದ ಒಡ್ಡುಗಳನ್ನು ಕೆಡವಿ, ಟ್ರ್ಯಾಕ್ಟರು ಸಲೀಸಾಗಿ ತಿರುಗುವಂತೆ ಮಾಡಬೇಕೆಂಬುದು ಅವನ ಇಚ್ಛೆ. "ದೊಡ್ಡಪ್ಪಾ, ಮುಂದ ಮಳಿ ಹೆಚ್ಚಾಗ್ತದಂತ ವಿಜ್ಞಾನಿಗಳೇ ಹೇಳ್ಯಾರ. ಒಡ್ಡು ಯಾಕ ಬೇಕು?" ಎಂದ. ಅವನಿಗೆ ಕೊಟ್ಟ ಉತ್ತರವನ್ನು ನೀವೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಅವನ ಮಾತು ಅರ್ಧ ನಿಜ. ದಕ್ಷಿಣ ಏಷ್ಯಾದ ಮುಂಗಾರು ಮಳೆ ಈ ಶತಮಾನದಲ್ಲಿ ಹೆಚ್ಚುವ ಸಂಭವವಿದೆಯೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರ ವರದಿಯಲ್ಲಿ ಹೇಳಿದೆ. ಮಳೆಯ ರಭಸವೂ ಏರುಪೇರೂ ಹೆಚ್ಚುವುವೆಂದು ಅದೇ ವರದಿ ಎಚ್ಚರಿಸಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಆದ್ದರಿಂದ ಸುರಿದಾಗ ಮಳೆ ಜೋರು. ಸುರಿಯದಿದ್ದಾಗ ಅದೇ ಗಾಳಿ ನೆಲದ ಹಸಿಯನ್ನು ಹೀರುತ್ತದೆ.

ನಮ್ಮ ಹಿಂಗಾರಿ ಬಿಳಿಜೋಳಕ್ಕೆ ಆ ಹಸಿಯೇ ಆಧಾರ. ಉತ್ತರೆ, ಹಸ್ತ ಮಳೆಗಳ ನೀರನ್ನು ಎರೆಮಣ್ಣು ಒಡಲಲ್ಲಿಟ್ಟುಕೊಂಡು ಮಾಘದವರೆಗೂ ಪೈರಿಗೆ ಉಣಿಸುತ್ತದೆ. ಬಿತ್ತುವ ಮುನ್ನ ನಮ್ಮ ತಂದೆಯವರು ಗೇಣುದ್ದ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಿದ್ದರು. ಉಂಡೆ ಕಟ್ಟಿದರೆ ಮಾತ್ರ ಕೂರಿಗೆ ಹೊರಡುತ್ತಿತ್ತು. ನಾನಾದರೋ ತರಗತಿಯಲ್ಲಿ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಎಂದು ಬಾಯಿಪಾಠ ಮಾಡಿಸಿದೆ. ಅದರಲ್ಲಿ ಎಷ್ಟು ಇಂಗಿತೆಂದು ಕೇಳುವುದನ್ನು ಕಲಿಸಲಿಲ್ಲ. ನನ್ನ ವಿದ್ಯಾರ್ಥಿಗಳು ಕ್ಷಮಿಸಬೇಕು.

ಎರೆಮಣ್ಣು ನೆನೆದರೆ ಉಬ್ಬಿ ಬಿಗಿಯುತ್ತದೆ. ಆಮೇಲೆ ನೀರು ಬಹು ನಿಧಾನವಾಗಿ ಇಂಗುತ್ತದೆ. ತಾಸಿನೊಳಗೆ ಸುರಿದ ದೊಡ್ಡ ಮಳೆ, ತಡೆಯುವ ಒಡ್ಡಿಲ್ಲದಿದ್ದರೆ, ಮೇಲ್ಮಣ್ಣನ್ನೂ ಹೊತ್ತು ಹಳ್ಳ ಸೇರುತ್ತದೆ. ಮುಂದೆ ಬಿಸಿಲೇರಿದಂತೆ ನೆಲ ಬಿರಿದು, ಬಿರುಕುಗಳಿಂದ ಆಳದ ಹಸಿಯೂ ಆರುತ್ತದೆ. ಕಾಳು ಕಟ್ಟುವ ಹೊತ್ತಿಗೆ ಪೈರು ಬಾಡುತ್ತದೆ.

ರಾಜ್ಯದಲ್ಲಿ 2022ರಲ್ಲಿ ಅತಿವೃಷ್ಟಿ. ಮರುವರ್ಷವೇ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಇಂಥ ಏರುಪೇರು ಹೆಚ್ಚುವುದಾದರೆ ಒಡ್ಡು ಹಿಂದಿಗಿಂತ ಮುಂದೆಯೇ ಹೆಚ್ಚು ಬೇಕು. ನೀರನ್ನು ಬಿದ್ದಲ್ಲೇ ಇಂಗಿಸಬೇಕೆಂಬುದೇ 1930ರ ದಶಕದಲ್ಲಿ ವಿಜಾಪುರ, ಸೊಲ್ಲಾಪುರಗಳಲ್ಲಿ ಆರಂಭವಾದ ಒಣಬೇಸಾಯ ಸಂಶೋಧನೆಯ ಸಾರ.

ಮಗೂ, ಹೊಲ ಈಗ ನಿನ್ನ ಪಾಲಿನದು, ನಿರ್ಧಾರವೂ ನಿನ್ನದೇ. ಆದರೆ ಈ ಒಂದು ಹಂಗಾಮು ತಡೆ. ಹಸ್ತ ಮಳೆ ನಿಂತು ಎಂಟು ದಿನವಾದ ಮೇಲೆ, ಒಡ್ಡಿನ ಮಗ್ಗುಲಿನ ಮಣ್ಣನ್ನೂ ಒಡ್ಡಿಲ್ಲದ ಇಳಿಜಾರಿನ ಮಣ್ಣನ್ನೂ ಗೇಣುದ್ದ ಅಗೆದು, ನಿನ್ನ ಅಜ್ಜನಂತೆ ಮುಷ್ಟಿಯಲ್ಲಿ ಹಿಸುಕಿ ನೋಡು. ಯಾವುದು ಉಂಡೆ ಕಟ್ಟಿತೆಂದು ನನಗೆ ತಿಳಿಸು.